ಹದಿನೇಳನೆಯ ಎಂಜಿನ್ನಿಗೆ ಒಬ್ಬ ಸಾಕ್ಷಿ

ಶಿವರುದ್ರಪ್ಪನವರ ಒಂಬತ್ತು ವರ್ಷಗಳ ತಪಸ್ಸಿಗೆ ಕಲ್ಲು ಹಾಕಿದ್ದು ಬಿಂದುಮಾಧವರಾಯರ ಒಂದೇ ಒಂದು ಪ್ರಶ್ನೆ.

"ಅಲ್ಲ ಸಾರ್, ಅಡುಗೆಮನೇಲಿ ಹಾಕಿದ ಸಾಕ್ಷಿ ಸಹಿ ಒಂದು ಸಹೀನಾ?"

ತಪಸ್ಸೆಂದರೆ ಇಷ್ಟೇ. ಸರ್ಕಾರಿ ಕಚೇರಿಯೊಂದರಲ್ಲಿ ಸೂಪರಿಂಟೆಂಡೆಂಟರಾಗಿದ್ದ, ಐವತ್ತಕ್ಕೆ ಎರಡು ತಿಂಗಳು ಕಡಿಮೆಯಿದ್ದ ಶಿವರುದ್ರಪ್ಪನವರು ಪ್ರತಿ ರಜಾದಿನವೂ ಚಾಮರಾಜಪುರಂನ ಪುಟ್ಟ ರೈಲು ನಿಲ್ದಾಣಕ್ಕೆ ಹೋಗಿ ಕುಳಿತು, ನಂಜನಗೂಡಿನ ಹಳಿಯ ಮೇಲೆ ಬಂದುಹೋಗುವ ಎಂಜಿನ್ನುಗಳಲ್ಲಿ ಹಿಂದೆ ಕಾಣದ್ದು ಕಂಡರೆ ಅದರ ಸಂಖ್ಯೆಯನ್ನು ಬರೆದುಕೊಳ್ಳುತ್ತಿದ್ದರು. (ಅವರ ಸಹೋದ್ಯೋಗಿಗಳಲ್ಲಿ ಕೆಲವರು ಸೈಟುಗಳನ್ನು ಸಂಗ್ರಹಿಸುತ್ತಿದ್ದರು. ಹೋಲಿಸಿದರೆ ಇದು ನಿರುಪದ್ರವಿ ಹವ್ಯಾಸ.) ಇದಕ್ಕಾಗಿ ಅವರು ಸ್ವಹಸ್ತದಿಂದ ಗೆರೆ ಎಳೆದು ಸಿದ್ಧಪಡಿಸಿದ ರಿಜಿಸ್ಟರಿನಲ್ಲಿ ಹನ್ನೆರಡು ಅಂಕಣಗಳಿದ್ದವು. ಕ್ರಮಸಂಖ್ಯೆ, ದಿನಾಂಕ, ವೇಳೆ, ಹವಾಮಾನ, ದಿಕ್ಕು, ಬೋಗಿಗಳು, ಹೊಗೆಯ ಬಣ್ಣ, ಹಾರನ್ನಿನ ಸ್ವರ ಇವೆಲ್ಲ ಆದಮೇಲೆ ಒಂಬತ್ತನೆಯದು ಎಂಜಿನ್ನಿನ ಸಂಖ್ಯೆ. ಹತ್ತು, ಷರಾ. ಹನ್ನೊಂದು, ಕಣ್ಣಾರೆ ಕಂಡವರ ಸಹಿ. ಹನ್ನೆರಡು, ಸಾಕ್ಷಿಯ ಸಹಿ. ಒಂದು ಅಂಕಣ ತುಂಬದೆ ಮುಂದಿನದಕ್ಕೆ ಹೋಗತಕ್ಕದ್ದಲ್ಲ; ಸಾಕ್ಷಿಯಿಲ್ಲದ ನಮೂದು ಅಸಿಂಧು. ಈ ಎರಡು ನಿಯಮಗಳನ್ನು ಮೊದಲ ಪುಟದಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದರು.

ಸಾಕ್ಷಿ ಯಾವಾಗಲೂ ಅವರ ಪತ್ನಿ ಪ್ರೇಮಲೀಲಾ. ಶಿವರುದ್ರಪ್ಪನವರು ಸಿದ್ಧಾರ್ಥನಗರದ ಮನೆಗೆ ಮರಳಿ ರಿಜಿಸ್ಟರನ್ನು ನೇರ ಅಡುಗೆಮನೆಗೆ ಒಯ್ದರೆ, ಆಕೆ ಒಗ್ಗರಣೆಯ ಮೇಲಿನ ಕಣ್ಣನ್ನು ತೆಗೆಯದೆ ಸಹಿ ಹಾಕುತ್ತಿದ್ದರು. ಹದಿನಾರು ಎಂಜಿನ್ನುಗಳಿಗೆ ಹದಿನಾರು ಸಹಿ. ಪ್ರತಿಯೊಂದರ ಪಕ್ಕದಲ್ಲೂ ಕಚೇರಿಯ ಮೊಹರಿನಂತೆ ಅರಿಶಿನದ ಒಂದು ಹೆಬ್ಬೆಟ್ಟು.

ಆ ಹಳಿಯ ಮೇಲೆ ಓಡುತ್ತಿದ್ದ ಎಂಜಿನ್ನುಗಳು ಒಟ್ಟು ಹದಿನೇಳು. ಉಳಿದದ್ದು ಹದಿನೇಳನೆಯದು, ೬೨೭೩. ಹಳಿಯನ್ನು ಅಗಲ ಮಾಡುವ ಕಾಲ ಬಂದಿತ್ತು. ಪುಟ್ಟ ಎಂಜಿನ್ನುಗಳು ಒಂದೊಂದಾಗಿ ಬೇರೆ ಸೀಮೆಗೆ ಹೊರಟಿದ್ದವು. ನವೆಂಬರ್ ಒಂದರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ೬೨೭೩ ಚಾಮರಾಜಪುರಂ ದಾಟಿ ಹೋದರೆ ಮತ್ತೆ ಬರುವುದಿಲ್ಲವೆಂದು, ರಜೆ ಹಾಕಿ ಊರಿಗೆ ಹೊರಟಿದ್ದ ನಿಲ್ದಾಣದ ಸಿದ್ದರಾಜು ತಿಳಿಸಿದ್ದ. ಗಣಿತದ ನಿವೃತ್ತ ಮೇಷ್ಟ್ರು ಬಿಂದುಮಾಧವರಾಯರ ಪಟ್ಟಿಯೂ ಹದಿನಾರಕ್ಕೇ ನಿಂತಿತ್ತು. ಆದರೆ ಅವರು ಅಂದು ಹಾಸನದಲ್ಲಿ ಮೊಮ್ಮಗನ ನಾಮಕರಣದಲ್ಲಿ ಇರಲೇಬೇಕಾಗಿತ್ತು. ಮೈಸೂರಿನಲ್ಲಿ ಹದಿನೇಳನ್ನೂ ಕಂಡ ಏಕಮಾತ್ರ ಪುರುಷ ತಾನೇ ಆಗುವೆನೆಂದು ಶಿವರುದ್ರಪ್ಪನವರು ಹಿಗ್ಗಿದ್ದಾಗಲೇ ರಾಯರು ಆ ಪ್ರಶ್ನೆ ಎಸೆದು ಬಸ್ಸು ಹತ್ತಿದ್ದು.

ಆದ್ದರಿಂದ ಈ ಬಾರಿ ಸಾಕ್ಷಿಯನ್ನು ಸ್ಥಳಕ್ಕೇ ಕರೆದೊಯ್ಯುವುದು ಅನಿವಾರ್ಯವಾಯಿತು.

"ನಾನ್ಯಾಕ್ರೀ ಬರ್ಲಿ? ರೈಲು ಹತ್ತಕ್ಕಾ, ನೋಡಕ್ಕಾ?" ಎಂದರು ಪ್ರೇಮಲೀಲಾ.

"ನೋಡಕ್ಕೆ."

"ಒಂಬತ್ತು ವರ್ಷದಿಂದ ನಂಜನಗೂಡಿಗೆ ಕರ್ಕೊಂಡೋಗಿ ಅಂತ ಬಡ್ಕೋತಿದ್ದೀನಿ. ಅಲ್ಲಿಗೋಗೋ ರೈಲು ನಿಮ್ಮ ಮೂಗಿನ ಮುಂದೇನೇ ನಿಂತ್ಕೊಳ್ಳತ್ತೆ. ನೀವು ಅದರ ನಂಬರ್ ಬರ್ಕೊಂಡು ಮನೇಗ್ ಬಂದ್ಬುಡ್ತೀರಿ!"

"ಇದನ್ನ ವಿಹಾರ ಅಂತ ತಿಳ್ಕೋಬೇಡ ಕಣೇ. ಡ್ಯೂಟಿ ಮೇಲೆ ಬರ್ತಿದ್ದೀಯ ಅಂತ ತಿಳ್ಕೋ."

"ಡ್ಯೂಟಿನಾ? ರಜಾದಿನ?"

"ಹೂಂ. ಆನ್ ಡ್ಯೂಟಿ."

"ಸರಿ. ಆಡಿದ ಮಾತು ಜ್ಞಾಪಕ ಇಟ್ಕೊಳ್ಳಿ," ಎಂದು ಆಕೆ ಸೀರೆ ಬದಲಿಸಲು ಹೋದರು. ಕಚೇರಿಯ ಭಾಷೆಯನ್ನು ಇಪ್ಪತ್ತೈದು ವರ್ಷ ಊಟದ ಜೊತೆ ಬಡಿಸಿಕೊಂಡ ಹೆಂಗಸು ಅದನ್ನು ಜೀರ್ಣಿಸಿಕೊಂಡಿರಬಹುದೆಂಬ ಅನುಮಾನ ಶಿವರುದ್ರಪ್ಪನವರಿಗೆ ಬರಲಿಲ್ಲ.

ಹತ್ತೂವರೆಗೆಲ್ಲ ದಂಪತಿಗಳು ಪ್ಲಾಟ್‌ಫಾರಂನ ಕಲ್ಲುಬೆಂಚಿನ ಮೇಲೆ ಪ್ರತಿಷ್ಠಾಪಿತರಾಗಿದ್ದರು. ಎರಡು ಪೆನ್ನು, ಒಂದು ಸ್ಕೇಲು, ಫ್ಲಾಸ್ಕು, ತೊಡೆಯ ಮೇಲೆ ರಿಜಿಸ್ಟರು. ರಾಜ್ಯೋತ್ಸವದ ಬಾವುಟ ಕಟ್ಟಿದ ಆಟೋಗಳು ಹೊರಗೆ ಹಾಡುತ್ತ ಹೋಗುತ್ತಿದ್ದವು. ಕಡಲೆಕಾಯಿ ಮಾರುವ ಹುಚ್ಚಣ್ಣನ ಹೊರತು ಪ್ಲಾಟ್‌ಫಾರಂನಲ್ಲಿ ಬೇರೆ ಯಾರೂ ಇರಲಿಲ್ಲ.

"ಮೊದ್ಲು ನಂಬರ್ ನೋಡ್ಕೊಂಡ್ಬುಟ್ಟು ಆಮೇಲೆ ಮಿಕ್ಕಿದ್ದು ಬರ್ಕೋಬಾರ್ದಾ?" ಎಂದು ಪ್ರೇಮಲೀಲಾ ಕಡಲೆಕಾಯಿ ಸುಲಿಯುತ್ತ ಕೇಳಿದರು.

"ಒಂಬತ್ತನೇ ಕಾಲಂ ಮೊದ್ಲು ತುಂಬೋದಾ? ನಾಳೆ ಊಟ ಮಾಡ್ಬುಟ್ಟು ಆಮೇಲೆ ಅಡುಗೆ ಮಾಡು ಅಂತೀಯ."

ಹನ್ನೊಂದಕ್ಕೆ ಎರಡು ನಿಮಿಷವಿರುವಾಗ ದೂರದಲ್ಲಿ ಹಾರನ್ ಕೇಳಿಸಿತು. ಶಿವರುದ್ರಪ್ಪನವರು ಮೊದಲ ಐದು ಅಂಕಣಗಳನ್ನು ನಡುಗದ ಕೈಯಿಂದ ತುಂಬಿದರು. ಆರನೆಯದು ಬೋಗಿಗಳು. ತಲೆಯೆತ್ತಿ ನೋಡಿದರು. ತಿರುವಿನಲ್ಲಿ ಎಂಜಿನ್ ಮಾತ್ರ ಬರುತ್ತಿತ್ತು. ಹಿಂದೆ ಒಂದೂ ಬೋಗಿಯಿರಲಿಲ್ಲ.

ಒಂಬತ್ತು ವರ್ಷಗಳಲ್ಲಿ ಇಂಥ ಪ್ರಸಂಗ ಬಂದಿರಲಿಲ್ಲ. ಸೊನ್ನೆ ಎಂದು ಬರೆಯಬಹುದಿತ್ತು, ಆದರೆ ಸೊನ್ನೆಯ ಪಕ್ಕದಲ್ಲಿ ಯಾರಾದರೂ ಒಂದು ಬರೆದುಬಿಟ್ಟರೆ ಹತ್ತಾಗುತ್ತದೆ. 'ಇಲ್ಲ' ಎಂದರೆ ಇರಬೇಕಾದದ್ದು ಕಾಣೆಯಾಗಿದೆ ಎಂಬ ಧ್ವನಿ, ವಿಚಾರಣೆಗೆ ಅವಕಾಶ. ಅಡ್ಡಗೆರೆ ಎಳೆಯುವುದು ಸೋಮಾರಿಗಳ ಲಕ್ಷಣ. 'ಅನ್ವಯಿಸುವುದಿಲ್ಲ' ಎಂಬುದೇ ಸರಿಯಾದ ಪದ. ಆದರೆ ಅಂಕಣದ ಅಗಲ ಒಂದೇ ಬೆರಳು, ಮತ್ತು ಪದಗಳನ್ನು ಮೊಟಕು ಮಾಡಿದ್ದಕ್ಕಾಗಿ ಅವರೇ ಹಿಂದಿನ ವಾರ ಮೂರು ಕಡತಗಳನ್ನು ವಾಪಸ್ಸು ಕಳಿಸಿದ್ದರು. ಉಸಿರು ಬಿಗಿಹಿಡಿದು ಇರುವೆಯ ಗಾತ್ರದ ಅಕ್ಷರಗಳಲ್ಲಿ 'ಅನ್ವಯಿಸು' ಎನ್ನುವವರೆಗೆ ಬಂದರು. ಬೆಂಚು ಅದುರಿತು. ಬಿಸಿಗಾಳಿ ಬೀಸಿ ಪುಟ ಮಗುಚಿತು. ಮಗುಚಿದ ಪುಟವನ್ನು ಹಿಡಿದು, ಸರಿಪಡಿಸಿ, '-ವುದಿಲ್ಲ' ಸೇರಿಸಿ ತಲೆಯೆತ್ತಿದಾಗ, ಹಳಿಯ ಮೇಲೆ ತೆಳ್ಳಗೆ ಹೊಗೆ ಮಾತ್ರ ಉಳಿದಿತ್ತು.

"ಹೋಯ್ತಾ?"

"ಹೋಯ್ತು," ಎಂದರು ಪ್ರೇಮಲೀಲಾ. "ಡ್ರೈವರ್ ಟಾಟಾ ಮಾಡ್ದ. ನಾನೂ ಮಾಡ್ದೆ."

"ನಂಬರು?"

"ಇಷ್ಟಿಷ್ಟು ದಪ್ಪ ಬರ್ದಿತ್ತಲ್ರೀ. ಆರು ಎರಡು ಏಳು ಮೂರು."

ಶಿವರುದ್ರಪ್ಪನವರು ಹುಚ್ಚಣ್ಣನ ಕಡೆ ಆಸೆಯಿಂದ ನೋಡಿದರು.

"ನಂಗೆ ಓದಕ್ ಬರಾಕಿಲ್ಲ ಸಾಮಿ," ಎಂದ ಅವನು. "ಆದ್ರೆ ನೀವು ನೋಡ್ಲಿಲ್ಲ. ಅದು ಮಾತ್ರ ನಾನು ನೋಡ್ದೆ."

ಹೊಗೆ, ಹಾರನ್ನುಗಳ ಅಂಕಣ ತುಂಬಿದವು, ಒಂಬತ್ತನೆಯದರಲ್ಲಿ ಸಂಖ್ಯೆ ಬಿತ್ತು, ಷರಾ ಮುಗಿಯಿತು. ಪೆನ್ನು ಹನ್ನೊಂದನೆಯದಕ್ಕೆ ಬಂದು ನಿಂತಿತು. ಒಂದು ಗೀಚು, ಅಷ್ಟೇ ಬೇಕಾಗಿದ್ದದ್ದು. ಆದರೆ ಇಷ್ಟು ವರ್ಷದ ನೌಕರಿಯಲ್ಲಿ ಒಂದೂ ಸುಳ್ಳು ಸಹಿ ಹಾಕದ ಕೈ ಅಲ್ಲಾಡಲು ಒಪ್ಪಲಿಲ್ಲ. ಅದು ಯೋಚಿಸುತ್ತಿದ್ದಾಗಲೇ ಪ್ರೇಮಲೀಲಾ ಪೆನ್ನನ್ನು ಮೆಲ್ಲಗೆ ತೆಗೆದುಕೊಂಡರು.

"ಕಣ್ಣಾರೆ ಕಂಡವರ ಸಹಿ ಅಂತ ನೀವೇ ಬರ್ದಿದ್ದೀರಿ. ಕಂಡೋಳು ನಾನು." ದುಂಡಗೆ ಸಹಿ ಬಿತ್ತು. "ಇನ್ನು ಸಾಕ್ಷಿ. ಹಾಕಿ."

"ಹೇಗೆ ಹಾಕ್ಲಿ? ನಾನು ನೋಡೇ ಇಲ್ವಲ್ಲೇ!"

"ಒಂಬತ್ತು ವರ್ಷ ನಾನು ಹೆಂಗೆ ಹಾಕ್ದೆ? ಹಂಗೆ."

"ಯೋಚ್ನೆ ಮಾಡ್ಬೇಕು," ಎಂದು ಶಿವರುದ್ರಪ್ಪನವರು ರಿಜಿಸ್ಟರನ್ನು ಮುಚ್ಚಿದರು. ಕಡತ ಪರಿಶೀಲನೆಯಲ್ಲಿದೆ ಎಂದಂತಾಯಿತು.

ಮನೆಗೆ ಬಂದವರೇ ಪ್ರೇಮಲೀಲಾ ಪತಿಯ ಆರಾಮಕುರ್ಚಿಯಲ್ಲಿ ಕುಳಿತು ಕಾಲು ಚಾಚಿದರು. ರಜಾದಿನ ಡ್ಯೂಟಿ ಮಾಡಿದವರಿಗೆ ಬದಲಿ ರಜೆ ಉಂಟೆಂದೂ, ಅದನ್ನು ಈ ಕ್ಷಣದಿಂದಲೇ ಹಾಕಿರುವುದಾಗಿಯೂ, ನಾಳೆ ಮಧ್ಯಾಹ್ನದವರೆಗೆ ತಮ್ಮನ್ನು ಅಡುಗೆಮನೆಯ ವಿಷಯದಲ್ಲಿ ಸಂಪರ್ಕಿಸಬಾರದೆಂದೂ ತಿಳಿಸಿದರು. ಶಿವರುದ್ರಪ್ಪನವರು ನಿಯಮಾವಳಿಯನ್ನೆಲ್ಲ ಮನಸ್ಸಿನಲ್ಲೇ ತಿರುವಿಹಾಕಿದರು. ಆಕೆಯ ಬೇಡಿಕೆ ಕ್ರಮಬದ್ಧವಾಗಿತ್ತು.

ಸಂಜೆ ಶಿವರುದ್ರಪ್ಪನವರು ಸಾರಿಗೆ ಅರಿಶಿನ ಹಾಕುವುದರಲ್ಲಿದ್ದಾಗ ಫೋನ್ ಬಡಿದುಕೊಂಡಿತು. ಮಾತಾಡಿ ಮುಗಿಸಿ, ಪ್ರೇಮಲೀಲಾ ರಿಜಿಸ್ಟರು ಹಿಡಿದು ಬಾಗಿಲಲ್ಲಿ ನಿಂತರು.

"ಹಾಸನದಿಂದ ಬಿಂದುಮಾಧವರಾಯರು. ನಾಳೆ ಬೆಳಿಗ್ಗೇನೇ ಬಂದು ನೋಡ್ತಾರಂತೆ. ಸಾಕ್ಷಿ ಇಲ್ದಿದ್ರೆ ಅಸಿಂಧು ಅಂತ ಕೆಂಪಗೆ ಬರ್ದಿದ್ದೀರಿ. ಹಾಕ್ತೀರೋ, ಹದಿನಾರಕ್ಕೇ ನಿಲ್ಲಿಸ್ತೀರೋ?"

"ಇರೇ, ಒಗ್ಗರಣೆ ಸೀದೋಗ್ತಿದೆ!"

"ಅದಕ್ಕೇ ಹೇಳ್ತಿರೋದು. ಬೇಗ ಹಾಕಿ."

ಸಾಸಿವೆ ಸಿಡಿಯುತ್ತಿತ್ತು. ಬಾಣಲೆಯ ಮೇಲಿನ ಕಣ್ಣನ್ನು ತೆಗೆಯದೆ ಶಿವರುದ್ರಪ್ಪನವರು ಸಹಿ ಹಾಕಿದರು.

ಮರುದಿನ ಬೆಳಿಗ್ಗೆ ಬಿಂದುಮಾಧವರಾಯರು ಭೂತಗನ್ನಡಿಯೊಂದಿಗೆ ಬಂದು, ಹದಿನೇಳನೆಯ ನಮೂದನ್ನು ಎಡದಿಂದ ಬಲಕ್ಕೆ ಓದಿದರು. ಹನ್ನೊಂದನೆಯ ಅಂಕಣದಲ್ಲಿ ತಡೆದರು. ಎದ್ದುನಿಂತು ಆರಾಮಕುರ್ಚಿಗೆ ಕೈಮುಗಿದರು.

"ಮೈಸೂರಲ್ಲಿ ಹದಿನೇಳನೇದನ್ನ ಕಂಡೋರು ನೀವೊಬ್ರೇ ತಾಯಿ. ಅಭಿನಂದನೆ!"

"ಏನ್ಮಹಾ ಬುಡಿ," ಎಂದರು ಪ್ರೇಮಲೀಲಾ, ಕಾಲು ಮಡಚದೆ.

ಭೂತಗನ್ನಡಿ ಹನ್ನೆರಡನೆಯ ಅಂಕಣಕ್ಕೆ ಸರಿಯಿತು. ಅಚ್ಚುಕಟ್ಟಾದ ಸಹಿ, ಪಕ್ಕದಲ್ಲಿ ದೊಡ್ಡ, ಹೊಸ ಅರಿಶಿನದ ಹೆಬ್ಬೆಟ್ಟು. ರಾಯರು ಬಹಳ ಹೊತ್ತು ನೋಡಿ, ಒಳಗಿನಿಂದ ಪಾತ್ರೆಯ ಸದ್ದು ಬರುತ್ತಿದ್ದ ಕಡೆಗೆ ತಿರುಗಿ, ಸ್ವಲ್ಪ ಎತ್ತರದ ದನಿಯಲ್ಲಿ ಕೇಳಿದರು:

"ಸಾರ್, ಈ ಸಾಕ್ಷಿ ಸಹಿ ಎಲ್ಲಿ ಹಾಕಿದ್ದು?"

ಪಾತ್ರೆಯ ಸದ್ದು ನಿಂತಿತು. ಅಡುಗೆಮನೆಯಿಂದ ಸೂಪರಿಂಟೆಂಡೆಂಟರ ದನಿ ಕೇಳಿಬಂತು:

"ಕಾಫಿಗೆ ಸಕ್ಕರೆ ಒಂದು ಚಮಚಾನೋ, ಎರಡೋ?"