ಟೊಂಗೆ ತಿರುಗಿದ ದಿಕ್ಕು

ಮಂಗಳವಾರ ಬೆಳಿಗ್ಗೆ ಹಲ್ಲುಜ್ಜುತ್ತ ಜಗಲಿಗೆ ಬಂದ ದಿನಕರ ಹೆಗಡೆ ಬ್ರಶ್ಶನ್ನು ಬಾಯಲ್ಲೇ ಬಿಟ್ಟು ನಿಂತುಬಿಟ್ಟ. ಕುಂಡದಲ್ಲಿದ್ದ ಬಸರಿ ಗಿಡದ ಟೊಂಗೆಯನ್ನು ನಿನ್ನೆ ಸಂಜೆ ತಾನೇ ಕೈಯಾರೆ ರಸ್ತೆಯ ಕಡೆ ಮಾಡಿ ಇಟ್ಟಿದ್ದ. ಈಗ ಅದು ಅವನು ಮಲಗುವ ಕೋಣೆಯ ಕಿಟಕಿಯನ್ನೇ ನೋಡುತ್ತಿತ್ತು. ಒಂದು ದಿನವಾದರೆ ಮರೆವು ಎನ್ನಬಹುದು. ಇದು ಐದನೇ ದಿನ.

ಶಿರಸಿಯಲ್ಲಿ ಝೆರಾಕ್ಸ್ ಅಂಗಡಿ ಇಟ್ಟ ದಿನಕರನಿಗೆ ಯಾವ ಕೆಲಸವಾದರೂ ಎರಡು ಸೆಕೆಂಡಿನಲ್ಲಿ ಹೊರಗೆ ಬಂದು ಬೀಳಬೇಕು. ಅಂಥವನು ಯಾರದೋ ಮಾತು ಕೇಳಿ, ಕುಂಡದಲ್ಲಿ ಕುಬ್ಜ ಮರ ಬೆಳೆಸುವ ಬೋನ್ಸಾಯ್ ಶಿಬಿರಕ್ಕೆ ಹೋಗಿ ಬಂದಿದ್ದ. "ಎಳೆಯದಿದ್ದಾಗಲೇ ತಂತಿ ಸುತ್ತಿ ಬಗ್ಗಿಸಿ. ಆಮೇಲೆ ಆರು ತಿಂಗಳು ಕೈಕಟ್ಟಿ ಕೂತಿರಿ. ಗಿಡಕ್ಕಿಂತ ಮೊದಲು ಪಳಗಬೇಕಾದವರು ನೀವು" ಎಂದಿದ್ದರು ಅಲ್ಲಿಯ ಮೇಡಂ. ಇವನು ಮೊದಲ ಗಿಡವನ್ನು, ಬೇರು ಬಿಟ್ಟಿದೆಯೇ ಎಂದು ದಿನಾ ಕಿತ್ತು ನೋಡಿ ಕೊಂದ. ಎರಡನೆಯದನ್ನು ಒಂದೇ ಮಧ್ಯಾಹ್ನದಲ್ಲಿ ಬಗ್ಗಿಸಲು ಹೋಗಿ ಲಟಕ್ಕನೆ ಮುರಿದ.

"ಹಾಲು ಕಾಯೋ ತನಕ ನಿಲ್ಲಲೆ ಆಗ್ತಿಲ್ಲೆ, ಇವ್ರು ಗಿಡ ಬೆಳೆಸ್ತ್ರಡ!" ಎಂದು ಹೆಂಡತಿ ಪ್ರತಿಭಾ ನಕ್ಕಳು. ಆ ನಗು ಚುಚ್ಚಿತು. ಮೂರನೆಯದನ್ನಾದರೂ ಉಳಿಸಿ ಅವಳ ಬಾಯಿ ಮುಚ್ಚಿಸಬೇಕೆಂದು ಹಟ ಹಿಡಿದ. ಕುಂಡಕ್ಕೆ ಯಾರೂ ಕೈ ಹಚ್ಚಕೂಡದು ಎಂದು ಮನೆಯಲ್ಲಿ ಕಟ್ಟಪ್ಪಣೆ ಮಾಡಿದ.

ಆದರೆ ಈ ಮೂರನೆಯದು ನರ್ಸರಿಯದು ಎಂದು ಅವಳಿಗೆ ಹೇಳಿದ್ದು ಸುಳ್ಳು. ಹೋದ ತಿಂಗಳು ಸಿದ್ದಾಪುರದ ಹತ್ತಿರದ ಕೋಲಸಿರ್ಸಿಗೆ ಊಟಕ್ಕೆ ಹೋದಾಗ, ಊರು ಕಾಯುವ ಚೌಡಿಯ ಬನದಲ್ಲಿ, ಕಟ್ಟೆಯ ಬಿರುಕಿನಿಂದ ಅವನೇ ಕಿತ್ತು ತಂದದ್ದು. ಚೌಡಿ ಬನದಿಂದ ಒಣ ಪುರಲೆ ಕಡ್ಡಿಯನ್ನೂ ಯಾರೂ ಮನೆಗೆ ತರುವುದಿಲ್ಲ ಎಂಬುದು ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ಯಾರೂ ನೋಡಲಿಲ್ಲವಲ್ಲ ಎಂದುಕೊಂಡಿದ್ದ.

"ಎಂತದೋ ದಿನಕರಾ, ದೆವ್ವ ಕಂಡವ್ನ ಹಂಗೆ ನಿಂತಿದ್ಯಲಾ?" ಬೇಲಿಯಾಚೆಯಿಂದ ಪಕ್ಕದ ಮನೆಯ ಗೌರಕ್ಕ ಕೇಳಿದಳು. ಐದು ದಿನ ನುಂಗಿಕೊಂಡಿದ್ದ ಭಯ ಬಾಯಿಗೆ ಬಂತು. ಎಲ್ಲವನ್ನೂ ಒದರಿಬಿಟ್ಟ.

ಗೌರಕ್ಕ ಧ್ವನಿ ತಗ್ಗಿಸಿದಳು. "ಅಯ್ಯೋ ಪಾಪಿ! ಎಂಗಳ ಅಜ್ಜನ ಕಾಲದಲ್ಲಿ ಒಬ್ಬ ಹೊರೆ ಕಟ್ಟಲೆ ಹೇಳಿ ಬನದ ಬಳ್ಳಿ ಕೊಯ್ದಿದ್ನಡ. ಸಾಯೋ ತನಕ ಅವನ ಕುತ್ತಿಗೆ ಒಂದೇ ಬದಿಗೆ ತಿರುಗಿತ್ತಡ. ನಿನ್ನ ಕುತ್ತಿಗೆ ಸರಿ ಇದ್ದಾ?"

ಅಷ್ಟು ಹೊತ್ತೂ ಸರಿಯಾಗಿತ್ತು. ಪರೀಕ್ಷೆ ಮಾಡಲೆಂದು ದಿನಕರ ಸರಕ್ಕನೆ ಬಲಕ್ಕೆ ಎಡಕ್ಕೆ ತಿರುಗಿಸಿದ. ಚಳಕ್ ಎಂದಿತು. ಎಡಕ್ಕೆ ತಿರುಗಿದ ಕುತ್ತಿಗೆ ಅಲ್ಲೇ ನಿಂತಿತು, ತಂತಿ ಸುತ್ತಿದ ಹಾಗೆ. ಗಿಡದ ಟೊಂಗೆ ಬಗ್ಗಿದ್ದೂ ಎಡಕ್ಕೇ.

ಒಂದು ತೆಂಗಿನಕಾಯಿಯನ್ನು ಚೀಲಕ್ಕೆ ಹಾಕಿ, ಕುಂಡವನ್ನು ಸ್ಕೂಟರಿನಲ್ಲಿ ಕಾಲ ಬಳಿ ಇಟ್ಟುಕೊಂಡು, ಗಿಡವನ್ನು ಬನಕ್ಕೇ ಹಿಂತಿರುಗಿಸಲು ಹೊರಟ. ಒಳಗಿಂದ ಪ್ರತಿಭಾ ಕೂಗಿದಳು. "ಒಂದ್ನಿಮಿಷ ನಿಲ್ಲಿ! ಆ ಕುಂಡದ ಸುದ್ದಿ ಒಂದು ಹೇಳಕಾಗಿತ್ತು!"

"ಬಂದ್ಮೇಲೆ ಹೇಳು!" ಎಂದವನೇ ಗಾಡಿ ಬಿಟ್ಟ.

ದಾರಿಯುದ್ದಕ್ಕೂ ಟೊಂಗೆ ಅವನ ಮೊಣಕಾಲನ್ನು ಮೆಲ್ಲಗೆ ತಿವಿಯುತ್ತಿತ್ತು. ನಿಲ್ಲಿಸಿ ಅದನ್ನು ಮುಂದಕ್ಕೆ ತಿರುಗಿಸಿದ. ಸಿದ್ದಾಪುರ ಬರುವಷ್ಟರಲ್ಲಿ ಅದು ಮತ್ತೆ ಮೊಣಕಾಲಿಗೇ ಬಂದಿತ್ತು. ಬಲಕ್ಕೆ ನೋಡಬೇಕಾದಲ್ಲೆಲ್ಲ ಇಡೀ ಮೈ ತಿರುಗಿಸಬೇಕಾಗಿ ಬಂದು, ಎರಡು ಸಲ ಬೈಸಿಕೊಂಡು, ಕೋಲಸಿರ್ಸಿ ಮುಟ್ಟಿದ.

ಬಿಸಿಲೇರಿದ ಹೊತ್ತಿನಲ್ಲೂ ಬನದೊಳಗೆ ಕತ್ತಲೆ ಕತ್ತಲೆ. ಹಕ್ಕಿಯ ದನಿಯಿಲ್ಲ, ಎಲೆ ಅಲುಗುತ್ತಿಲ್ಲ. ದಿನಕರನಿಗೆ ತನ್ನ ಉಸಿರು ತನಗೇ ಕೇಳಿಸಿತು. ಕಿತ್ತ ಬಿರುಕಿನಲ್ಲೇ ಗಿಡವನ್ನು ನೆಟ್ಟು, ಟೊಂಗೆಯನ್ನು ಚೌಡಿಯ ಕಲ್ಲಿನ ಕಡೆ ಮಾಡಿ, ಕಾಯಿ ಒಡೆದ. "ತಾಯೀ, ತಪ್ಪಾತು. ಇನ್ನು ಇದು ನಿನ್ನ ಮರ. ಎನ್ನ ಕುತ್ತಿಗೆ ಬಿಡು" ಎಂದು ಗಲ್ಲ ಗಲ್ಲ ಬಡಿದುಕೊಂಡ.

ಫೋನ್ ಹೊಡೆದುಕೊಂಡಿತು. ಪ್ರತಿಭಾ.

"ಬೈಯಡಿ ಮತ್ತೆ. ಎಲ್ಲಾ ಬದಿಗೂ ಬಿಸಿಲು ಬೀಳವು ಹೇಳಿ ಆನೇ ದಿನಾ ಬೆಳಗಾದ ಕೂಡ್ಲೆ ಕುಂಡ ತಿರುಗ್ಸಿ ಇಡ್ತಿದ್ದೆ. ನಿಂಗ ಕೈ ಹಚ್ಚಡಿ ಅಂದಿದ್ರಲಿ, ಹೆದ್ರಿ ಹೇಳಿದ್ನಿಲ್ಲೆ."

ದಿನಕರ ಕಟ್ಟೆಯ ಮೇಲೆ ಕುಸಿದು ಕೂತ. ಆಮೇಲೆ ನಗು ಬಂತು. ದಿನಾ ತಿರುಗಿಸಿದವಳು ಹೆಂಡತಿ, ಇಷ್ಟೇನಾ! ಹಾಗಿದ್ದರೆ ಗಿಡವನ್ನು ಬಿಟ್ಟು ಹೋಗುವುದೇಕೆ ಎಂದು ಮತ್ತೆ ಕೀಳಲು ಕೈ ಚಾಚಿದ.

"ಮುಟ್ಬ್ಯಾಡಿ!"

ಹಿಂದೆ, ಬನದ ಪೂಜೆ ಮಾಡುವ ಕೆರಿಯ ನಿಂತಿದ್ದ. ಒಡೆದ ಕಾಯಿಯನ್ನೂ ಗಿಡವನ್ನೂ ನೋಡಿ ತಲೆ ಕೆರೆದುಕೊಂಡ. "ಎಂತ ಮಾಡ್ಬಿಟ್ರಿ ಹೆಗಡೇರೆ! ಅದು ಕಾಗೆ ಹಿಕ್ಕೆಲಿ ಹುಟ್ಟಿದ ಕಸ ಆಗಿತ್ತು. ಕಟ್ಟೆ ಒಡಿತದೆ ಅಂತ ಪ್ರತಿ ವರ್ಷ ನಾನೇ ಕಿತ್ತು ಒಗೀತಿದ್ದೆ. ಈ ಸಲ ಯಾರೋ ಪುಣ್ಯಾತ್ಮ ಒಯ್ದ ಅಂತ ಖುಷಿ ಆಗಿತ್ತು. ಈಗ ನೀವು ಕಾಯಿ ಒಡೆದು ತಾಯಿಗೆ ಒಪ್ಸಿ ನೆಟ್ರಿ. ಇನ್ನು ಅದನ್ನ ಕೀಳೋ ಧೈರ್ಯ ಯಾರಿಗದೆ?"

"ಹಾಗಾದ್ರೆ ಬೆಳೀಲಿ ಬಿಡು."

"ಬೆಳೆದ್ರೆ ಕಟ್ಟೆ ಉಳೀತದಾ? ಕತ್ತಿ ಕತ್ತರಿ ಬನದೊಳಗೆ ತರೂ ಹಂಗಿಲ್ಲ. ನೆಟ್ಟವರೇ ಮಂಗಳವಾರ ಮಂಗಳವಾರ ಬಂದು, ಉಗುರಲ್ಲಿ ಚಿಗುರು ಚಿವುಟಿ ಗೇಣುದ್ದನೇ ಇಟ್ಕಳಬೇಕು."

"ಎಷ್ಟು ದಿನ?"

"ಬಸರಿ ಮರ ನೂರು ವರ್ಷ ಬದುಕ್ತದೆ. ನೀವು ಇರೂ ತನಕ ನೀವು ಬನ್ನಿ."

ಆರು ತಿಂಗಳು ಕಾಯಲಾರದವನು ಆಯುಷ್ಯವನ್ನೇ ಬರೆದುಕೊಟ್ಟಂತಾಯಿತು. ದಿನಕರ ಕಾಲೆಳೆದುಕೊಂಡು ಸ್ಕೂಟರಿನ ತನಕ ಬಂದ. ಕುತ್ತಿಗೆ ಇನ್ನೂ ಎಡಕ್ಕೇ ಇತ್ತು. ಇಡೀ ಮೈಯನ್ನು ತಿರುಗಿಸಿ ಒಮ್ಮೆ ಹಿಂದೆ ನೋಡಿದ.

ಕಲ್ಲಿನ ಕಡೆ ಮಾಡಿ ನೆಟ್ಟಿದ್ದ ಟೊಂಗೆ ಅವನು ನಿಂತ ದಾರಿಯ ಕಡೆ ತಿರುಗಿತ್ತು. ಅಲ್ಲಿ ತಿರುಗಿಸಲು ಕುಂಡವಿರಲಿಲ್ಲ, ಪ್ರತಿಭಾ ಇರಲಿಲ್ಲ, ಗಾಳಿಯೂ ಇರಲಿಲ್ಲ. ಆಚೆ ಬದಿಯಲ್ಲಿ ಕೆರಿಯ ತರಗೆಲೆ ಗುಡಿಸುತ್ತಿದ್ದ.

"ಕೆರಿಯಾ, ಅದು... ಅದನ್ನ ನೀನು ತಿರುಗಿಸಿದ್ಯಾ?"

ಕೆರಿಯ ತಲೆ ಎತ್ತಲಿಲ್ಲ. "ಮಂಗಳವಾರ ಹೆಂಗೂ ಬರ್ತೀರಲ್ಲ ಹೆಗಡೇರೆ, ಈಗೆಂತ ಅವಸರ? ಹೋಗ್ಬನ್ನಿ. ಅದು ಕಾಯ್ತಿರ್ತದೆ."