ಹತ್ತೊಂಬತ್ತು ಸಲ ಸೇವ್ ಆದ ಕೇಕ್

ನನ್ನ ಅಕ್ಷರ ಚೆನ್ನಾಗಿಲ್ಲ, ಮಾತು ಜೋಡಿಸುವುದೂ ಅಷ್ಟಕ್ಕಷ್ಟೇ. ಒಂಬತ್ತನೇ ತರಗತಿಯ ಅರ್ಧಕ್ಕೇ ಶಾಲೆ ಬಿಟ್ಟವಳು, ತಪ್ಪಿದ್ದರೆ ಕ್ಷಮಿಸಿ. (ಮೂರು ಸಲ ಕರಡು ಮಾಡಿಯೇ ಬರೆದಿದ್ದೇನೆ.)

ನಮ್ಮಕ್ಕ ಮನೆಯಲ್ಲೇ ಕೇಕ್ ಮಾಡಿ ಮಾರುತ್ತಾಳೆ. ಹೋದ ತಿಂಗಳು ಮಾಡಿದ ಮೂರು ಅಂತಸ್ತಿನ ಗುಲಾಬಿ ಕೇಕ್ ಅವಳ ಜೀವಮಾನದ ಸಾಧನೆ. ಅದರ ಫೋಟೋ ಮೆನುವಿನಲ್ಲಿ ಹಾಕಿ ವರ್ಷವಿಡೀ ಆರ್ಡರ್ ಕೊಡುತ್ತೇವೆಂದು ಹೋಟೆಲಿನವರು ಹೇಳಿದರು. ಕೇಕ್ ಆಗಲೇ ಯಾರದೋ ಹೊಟ್ಟೆ ಸೇರಿತ್ತು. ಉಳಿದದ್ದು ಭಾವ ಫೋನಿನಲ್ಲಿ ತೆಗೆದು ಕಂಪ್ಯೂಟರಿಗೆ ಹಾಕಿದ್ದ ಒಂದೇ ಫೋಟೋ.

"ನೀನೇ ಜೋಪಾನ ಮಾಡು. ನಿಮ್ಮ ಭಾವನ ಕೈಗೆ ಕೊಟ್ರೆ ಮುಗೀತು," ಎಂದಳು ಅಕ್ಕ.

ಹೀಗೆ ನಾನು ಛಾಯಾಚಿತ್ರ ಸಂರಕ್ಷಣಾಧಿಕಾರಿಯಾದೆ. ಮೊದಲ ದಿನ ಫೋಟೋದ ಒಂದು ಪಕ್ಕ ಕತ್ತರಿಸಿ, ಕ್ರೀಮಿನ ಮೇಲಿದ್ದ ಬೆರಳಗಲದ ಗೆರೆಯನ್ನು ಅಳಿಸಿದೆ (ಅದರ ವಿಷಯ ಆಮೇಲೆ). ಮರುದಿನ ತಟ್ಟೆಯ ಮೇಲಿನ ಒಂದು ಚೂರು. ಅದರ ಮರುದಿನ ಇನ್ನೊಂದು. ದಿನಾ ತೆರೆದು, ಒರೆಸಿ, ಅದೇ ಹೆಸರಿನಲ್ಲಿ ಜೆಪಿಜಿಯಾಗಿ ಸೇವ್ ಮಾಡುವುದು. ಜಾಗ ವ್ಯರ್ಥವಾಗಬಾರದೆಂದು ಪ್ರತಿ ಸಲವೂ 'ಚಿಕ್ಕ ಗಾತ್ರ' ಎಂಬುದನ್ನೇ ಒತ್ತಿದೆ. ಹತ್ತೊಂಬತ್ತು ದಿನ. ದಿನಾ ನೋಡುವವಳಿಗೆ ಬದಲಾವಣೆ ತಿಳಿಯಲಿಲ್ಲ.

ಇಪ್ಪತ್ತನೇ ದಿನ ಬೆಳಿಗ್ಗೆ ಫೋಟೋವನ್ನು ಮೆನು ಅಚ್ಚು ಮಾಡುವ ಪ್ರೆಸ್ಸಿಗೆ ಕಳಿಸಿದೆ. ಮಧ್ಯಾಹ್ನ ಮೂರು ಗಂಟೆಗೆ ಪ್ರೆಸ್ಸಿನವರ ಫೋನ್ ಬಂತು.

"ಏನಮ್ಮ, ಇದು ಗುಲಾಬಿಯೋ ಹೂಕೋಸೋ? ನಾಲ್ಕಕ್ಕೆ ಮೆನು ಮೆಷಿನ್ನಿಗೆ ಹೋಗುತ್ತೆ."

ಅಕ್ಕ ಸೋಡಾಪುಡಿಯ ಡಬ್ಬಿ ಹಿಡಿದೇ ಓಡಿ ಬಂದಳು. ದೊಡ್ಡದು ಮಾಡಿ ನೋಡಿದರೆ ಎಸಳುಗಳೇ ಇಲ್ಲ, ಬರೀ ಚೌಕ ಚೌಕ ಕಲೆಗಳು. ನಾನು ಫೈಲಿನ ನಮೂನೆ ಬದಲಿಸಿ ಅದನ್ನು ಪಿಎನ್‌ಜಿ ಮಾಡಿದೆ. ಗಾತ್ರ ಹತ್ತರಷ್ಟಾಯಿತು. ಹೋದದ್ದೆಲ್ಲ ಬಂತೆಂದು ಕಳಿಸಿದೆ.

"ಸೀದುಹೋದ ಕೇಕನ್ನ ದೊಡ್ಡ ಡಬ್ಬಿಗೆ ಹಾಕಿದ್ರೆ ಸರಿಹೋಗುತ್ತಾ?" ಎಂದರು ಪ್ರೆಸ್ಸಿನವರು. "ಜೆಪಿಜಿ ಪ್ರತಿ ಸಲ ಸೇವ್ ಮಾಡಿದಾಗ್ಲೂ ಒಂದಿಷ್ಟು ಉದುರಿಸುತ್ತೆ. ತಿದ್ದೋದೆಲ್ಲ ಏನೂ ಉದುರಿಸದ ಪಿಎನ್‌ಜಿಯಲ್ಲಿ ಮುಗಿಸಿ, ಕೊನೆಗೊಂದು ಸಲ ಜೆಪಿಜಿ ಮಾಡ್ಬೇಕು. ಮೂಲ ಫೋಟೋ ಇದ್ರೆ ಕಳಿಸಿ."

"ಮೂಲ ಎಲ್ಲಿಂದ ತರ್ಲಿ? ನಮ್ಮನೆಯವರು ಫೋನೆಲ್ಲ ಖಾಲಿ ಮಾಡ್ತೀನಿ ಅಂತ ಹೋದ ವಾರವೇ ಹೇಳಿದ್ರು," ಎಂದು ಅಕ್ಕ ಕುರ್ಚಿಯಲ್ಲಿ ಕುಸಿದಳು.

ಮೂರು ನಲವತ್ತು. ಭಾವ ಮಾಡುತ್ತೇನೆಂದ ಕೆಲಸವನ್ನು ಎಂದೂ ಮಾಡಿದವರಲ್ಲ. ಮೂಲ ಫೋಟೋ ಅವರ ಫೋನಿನಲ್ಲೇ ಇರುತ್ತದೆಂದು ನನಗೆ ಗೊತ್ತಿತ್ತು. ಅದರ ಒಂದು ಪಕ್ಕದಲ್ಲಿ ಯಾರಿದ್ದಾರೆಂಬುದೂ ಗೊತ್ತಿತ್ತು. ಅಕ್ಕನ ಕಣ್ಣು ತುಂಬಿತು.

"ಅಕ್ಕ... ಭಾವನ ಫೋನಲ್ಲಿ ಇದೆ."

ಭಾವ ಆಫೀಸಿನಿಂದ ಎರಡೇ ನಿಮಿಷದಲ್ಲಿ ಕಳಿಸಿದರು. ಗುಲಾಬಿಗಳು ಎಸಳೆಸಳಾಗಿ ಅರಳಿದ್ದವು. ಕ್ರೀಮಿನ ಮೇಲೆ ಗೆರೆ. ಪಕ್ಕದಲ್ಲಿ ಬೆರಳನ್ನು ಬಾಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿ ನಿಂತ ನಾನು.

ಆ ಗೆರೆ ಭಾವನ ಬೆರಳಿನದೆಂದು ಅಕ್ಕ ಒಂದು ತಿಂಗಳಿನಿಂದ ಅವರಿಗೆ ಅಡುಗೆಮನೆ ಪ್ರವೇಶ ನಿಷೇಧಿಸಿದ್ದಳು. ಭಾವ ನನ್ನ ಹೆಸರು ಬಾಯಿಬಿಟ್ಟಿರಲಿಲ್ಲ.

"ಓಹೋ," ಎಂದಳು ಅಕ್ಕ. ನನ್ನನ್ನು ಕತ್ತರಿಸಲು ಒಂದು ನಿಮಿಷ ಸಾಕಾಯಿತು. ಗೆರೆ ಅಳಿಸಲು ಸಮಯವಿರಲಿಲ್ಲ. ಹಾಗೇ ಹೋಯಿತು, ಹಾಗೇ ಅಚ್ಚಾಯಿತು.

ನಿನ್ನೆ ಹೋಟೆಲಿನವರು ಮೂರು ಕೇಕಿಗೆ ಹೇಳಿದ್ದಾರೆ. "ಫೋಟೋದಲ್ಲಿರೋ ಹಾಗೇ ಇರ್ಲಿ. ಆ ಗೆರೆ ತುಂಬಾ ಚೆನ್ನಾಗಿದೆ, ಯಾರ ಕೈಚಳಕ?"

ಅಕ್ಕ ನನ್ನ ಹೆಸರು ಹೇಳಿದಳು. ಇನ್ನು ನಾನು ಗೆರೆ ಎಳೆಯುವಾಗ ಭಾವ ಅಡುಗೆಮನೆಯಲ್ಲೇ ಕಾವಲಿಗೆ ನಿಲ್ಲಬೇಕಂತೆ.

ನಾಳೆ ಬೆಳಿಗ್ಗೆ ಆರು ಗಂಟೆಗೆ ಎದ್ದು, ಕೈಗವಸು ಹಾಕಿಕೊಂಡು, ಮೂರು ಕೇಕಿಗೂ ಒಂದೊಂದು ಗೆರೆ ಎಳೆಯುತ್ತೇನೆ. ಆಮೇಲೆ ಕೈಗವಸನ್ನು ನೆಕ್ಕದೆ ತೊಳೆಯುತ್ತೇನೆ.