ಐದೂವರೆಯ ಸಾಕ್ಷಿ

"ನಿಮ್ಮ ಓವರ್‌ಟೈಮನ್ನ ಇನ್ಯಾರು ನುಂಗ್ತಾರೋ ನೋಡೇಬಿಡ್ತೀನಿ!" ಎನ್ನುತ್ತ ಚೆಲುವಯ್ಯ ಭಾವ ಒಂದು ಊಟದ ಡಬ್ಬಿಯನ್ನು ನನ್ನ ಮುಂದಿಟ್ಟರು. ಅದಕ್ಕೆ ಅವರೇ ಕೂರಿಸಿದ ಗಾಜಿನ ಎರಡು ಕಣ್ಣು, ತಗಡಿನ ಒಂದು ಬಾಯಿ.

"ಅಯ್ಯೋ, ನನ್ನ ಹೊಸ ಡಬ್ಬಿ!" ಎಂದಳು ಅಕ್ಕ.

"ಅನ್ನ ಎಲ್ಲಾದ್ರೂ ಹಾಕ್ಕೋಬೋದು ಕಣೇ. ನ್ಯಾಯನ ಎಲ್ಲಿ ಹಾಕ್ತೀಯ?"

ನಮ್ಮ ಗಾರ್ಮೆಂಟ್ಸಿನ ಪದ್ಧತಿ ಹೀಗೆ: ಐದೂವರೆಗೆ ಎಲ್ಲರೂ ಕಾರ್ಡು ಒತ್ತಿ ಮನೆಗೆ ಹೋದವರಂತಾಗಬೇಕು, ಮತ್ತೆ ಕೂತು ಏಳೂವರೆವರೆಗೆ ಹೊಲಿಯಬೇಕು. ಆ ಎರಡು ಗಂಟೆಗೆ ಕಾಸಿಲ್ಲ. ಕಾರ್ಮಿಕ ಅಧಿಕಾರಿಗೆ ದೂರು ಕೊಟ್ಟರೆ, ತಿಂಗಳೊಳಗೆ ಸಾಕ್ಷಿ ತನ್ನಿ ಎಂದಿದ್ದರು.

"ಇದು ಕಂಡಿದ್ದನ್ನೇ ಹೇಳ್ತದೆ. ಕಾನೂನೊಂದು ಗೊತ್ತಿಲ್ಲ. ನೀನು ಓದಿ ಕಲಿಸವ್ವ ಗೌರಿ, ನಿಂದು ಒಳ್ಳೆ ಗಂಟಲು," ಎಂದರು ಭಾವ.

ನಮ್ಮಪ್ಪ ಜಗಲಿಯಲ್ಲಿ ಕಾವ್ಯ ಓದುತ್ತಿದ್ದವರು. ನನಗೆ ಬರುವುದು ಅವರ ಧಾಟಿಯೊಂದೇ. ದೇವರಿಗೆ ದೀಪ ಹಚ್ಚಿ, ಕಾರ್ಮಿಕ ಕಾನೂನಿನ ಪುಸ್ತಕವನ್ನು ಅದೇ ರಾಗದಲ್ಲಿ ಓದಿದೆ. "ದಿನಕ್ಕೆ ಎಂಟೇ ಗಂಟೆ" ಎಂಬಲ್ಲಿ ಡಬ್ಬಿ "ಆಹಾ!" ಎಂದಿತು. ಭಾವ ಕಣ್ಣೊರೆಸಿಕೊಂಡರು.

ಮರುದಿನ ಮಧ್ಯಾಹ್ನ ಕಾರ್ಖಾನೆಯಲ್ಲಿ ನನ್ನ ಚೀಲದೊಳಗಿಂದ "ಊಟದ ವಿರಾಮ!" ಎಂದು ಕೂಗು!

"ಯಾರದು?" ಸೂಪರ್‌ವೈಸರ್ ಓಡಿಬಂದ.

"ಬಿಕ್ಕಳಿಕೆ ಸಾರ್," ಎಂದೆ.

ಭಾನುವಾರ ಅದು ಕಣ್ಣೇ ತೆರೆಯಲಿಲ್ಲ. ಕುಟ್ಟಿದರೆ, "ವಾರದ ರಜೆ," ಎಂದು ಗೊಣಗಿತು. "ನೋಡಿದ್ರಾ, ಎಷ್ಟು ಚೆನ್ನಾಗಿ ಕಲ್ತದೆ!" ಎಂದು ಭಾವ ಬೀಗಿದರು.

ವಿಚಾರಣೆಯ ದಿನ ನಾವು ನಲವತ್ತು ಹೆಂಗಸರು ಗೋಡೆಗೊರಗಿ ನಿಂತೆವು. ಡಬ್ಬಿ ಬಾಯಿಬಿಟ್ಟಿತು: "ಒಂಬತ್ತಕ್ಕೆ ಗೌರಮ್ಮ ಹೊಲಿಯಲು ಕೂತರು. ಐದೂವರೆಗೆ ಕಾರ್ಡು ಒತ್ತಿದರು." ಅಷ್ಟೇ.

"ಆಮೇಲೆ?" ಎಂದರು ಅಧಿಕಾರಿ.

"ಆಮೇಲೆ ನನ್ನ ಪಾಳಿ ಮುಗಿಯಿತು."

"ಲೋ ಮುಂಡೇದೇ!" ಭಾವ ಚೀರಿದರು. "ಇವ್ರು ಏಳೂವರೆಗಂಟ ಹೊಲೀತಿದ್ದಾಗ ಏನ್ಮಾಡ್ತಿದ್ದೆ?"

"ನಿದ್ದೆ. ಹೆಚ್ಚು ದುಡಿಸಿದರೆ ದುಪ್ಪಟ್ಟು ಕೂಲಿ. ನನಗೆ ಕೊಡುವವರು ಯಾರು?" ಎಂದು ನನ್ನದೇ ರಾಗದಲ್ಲಿ ಹಾಡಿತು.

ಮ್ಯಾನೇಜರ್ ಕೈಮುಗಿದ. "ಅವ್ರದೇ ಸಾಕ್ಷಿ ಸಾರ್. ಐದೂವರೆ ಮೇಲೆ ಅಲ್ಲಿ ಯಾರೂ ಕೆಲ್ಸ ಮಾಡಿದ್ದು ಕಂಡಿಲ್ವಂತೆ."

ಕಡತ ಮುಚ್ಚಿತು. ಯಾರೂ ಭಾವನನ್ನು ಬೈಯಲಿಲ್ಲ. ಬೈದಿದ್ದರೆ ಅವರಿಗೂ ಹಗುರಾಗುತ್ತಿತ್ತೇನೋ.

ಅಕ್ಕ ಆ ಡಬ್ಬಿಗೆ ಮತ್ತೆ ಅನ್ನ ತುಂಬಿಸಿ ಕಳಿಸುತ್ತಾಳೆ. ಐದೂವರೆಗೆ ಅದು ಕಣ್ಣು ಮುಚ್ಚಿ, ಮುಚ್ಚಳ ಬಿಗಿದುಕೊಳ್ಳುತ್ತದೆ. ಹಸಿದು ಎಷ್ಟು ಎಳೆದರೂ ತೆರೆಯದು. ನಾನು ಅದನ್ನು ಪಕ್ಕಕ್ಕಿಟ್ಟು ಏಳೂವರೆವರೆಗೆ ಹೊಲಿಯುತ್ತೇನೆ.

ಏನೇ ಹೇಳಿ, ನಮ್ಮ ಕಾರ್ಖಾನೆಯಲ್ಲಿ ಕಾನೂನಿನ ಪ್ರಕಾರ ದುಡಿಯುವುದು ಅದೊಂದೇ.